ರೆಗ್ಯುಲೇಟರ್ ಕಾಯುವ ಕೆಲಸ

ಮುಂಬಯಿಯ ಅಂಧೇರಿಯಲ್ಲಿ ಒಂದು ಈಜುಕೊಳದ ಪಕ್ಕದಲ್ಲಿ ಸಣ್ಣ ಸ್ಟೋರ್ ರೂಮು ಇದೆ. ಅದರ ಬೀಗದ ಕೈ ನನ್ನ ಸೊಂಟಕ್ಕೆ ಬಂದ ಮೇಲೆ ನಗಲಿಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿ ಬಂದಿಲ್ಲ. ಒಂದು ಪ್ರಸಂಗ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ. ತಟ್ಟಿದಾಗ ನಗು ಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ಕಾಂದಿವಲಿಯ ಮನೆಗೆ ಹೋಗಿ ಹೆಂಡತಿಗೆ ಹೇಳುವಾಗ ಮಾತ್ರ ನಕ್ಕು ನಕ್ಕು ಇಬ್ಬರಿಗೂ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ನನ್ನದು ಮೂಲತಃ ಹೊಟೇಲು ಕೆಲಸ. ಉಡುಪಿ ಕಡೆಯಿಂದ ಬಂದು ನಮ್ಮ ಧಣಿಗಳ ಹೊಟೇಲಿನ ಗಲ್ಲೆಯಲ್ಲಿ, ಅಂದರೆ ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ, ಸೋಂಪಿನ ಬಟ್ಟಲಿಗೂ ಹಲ್ಲುಕಡ್ಡಿಯ ಡಬ್ಬಿಗೂ ನಡುವೆ ಕೂತು ಅರ್ಧ ಆಯುಷ್ಯ ಕಳೆದವನು. ಧಣಿಗಳ ಮಗನಿಗೆ ಸಮುದ್ರದ ಹುಚ್ಚು ಹತ್ತಿತು. ಅವನಿಗೋಸ್ಕರ ಧಣಿಗಳು ಸ್ಕೂಬಾ ಡೈವಿಂಗ್ ಕಲಿಸುವ ಶಾಲೆ ತೆರೆದರು. ಮಗ ಮದುವೆಯಾಗಿ ಅಂಡಮಾನಿಗೆ ಹೋದ, ಶಾಲೆ ಇಲ್ಲಿ ಉಳಿಯಿತು. ಸ್ಟೋರಿಗೆ ನಂಬಿಕೆಯ ಮನುಷ್ಯ ಬೇಕೆಂದು ನನ್ನನ್ನು ಗಲ್ಲೆಯಿಂದ ಎಬ್ಬಿಸಿ ಇಲ್ಲಿ ಕೂರಿಸಿದರು.

ಇಲ್ಲಿ ನಾನು ಕಾಯುವುದು ರೆಗ್ಯುಲೇಟರುಗಳನ್ನು. ನೀರಿನೊಳಗೆ ಹೋಗುವವರ ಬೆನ್ನಿನ ಸಿಲಿಂಡರಿನಿಂದ ಗಾಳಿಯನ್ನು ಹದ ಮಾಡಿ ಬಾಯಿಗೆ ತಂದುಕೊಡುವ ಸಾಧನ ಅದು. ಸಿಲಿಂಡರಿಗೆ ಕಚ್ಚಿಕೊಳ್ಳುವ ಹಿತ್ತಾಳೆಯ ಗಟ್ಟಿ ಭಾಗಕ್ಕೆ ನಾವು ತಲೆ ಎನ್ನುತ್ತೇವೆ, ತುಟಿಯಲ್ಲಿ ಕಚ್ಚಿ ಹಿಡಿಯುವ ಭಾಗಕ್ಕೆ ಬಾಯಿ. ನಡುವೆ ರಬ್ಬರಿನ ಪೈಪು. ಉಪ್ಪು, ಮರಳು, ಬಿಸಿಲು ಮೂರೂ ಇದಕ್ಕೆ ಆಗುವುದಿಲ್ಲ. ನನ್ನ ಅನುಭವದಲ್ಲಿ ಮನುಷ್ಯರೂ ಆಗುವುದಿಲ್ಲ.

೧. ಹುಣಸೆಹಣ್ಣು

ಡೈವಿಂಗ್ ಕಲಿಸುವವರು ಗೋವಾದ ಕಡೆಯ ಒಬ್ಬ ಮಾಸ್ತರರು. ಮಾಲವಣದ ಸಮುದ್ರಕ್ಕೆ ಒಂದು ತಂಡವನ್ನು ಕರೆದುಕೊಂಡು ಹೋಗಿ ಬಂದ ದಿನ ಅವರು ಉಪ್ಪು ಮೆತ್ತಿದ ರೆಗ್ಯುಲೇಟರುಗಳನ್ನು ಸ್ಟೋರಿನಲ್ಲಿ ಇಳಿಸಿ, "ಚೆನ್ನಾಗಿ ತೊಳೆದು ಇಡಿ" ಎಂದು ಹೇಳಿ ಮಲಗಲು ಹೋದರು. ತೊಳೆಯುವುದು ಹೇಗೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ತೊಳೆಯುವುದರಲ್ಲಿ ಕೇಳುವಂಥದ್ದು ಏನಿರುತ್ತದೆ?

ತೊಳೆಯುವುದಕ್ಕೆ ಇದ್ದವರು ವಿಜಯಪುರದ ಕಡೆಯ ಕಾಕಾ. ನನ್ನ ಹಾಗೇ ಹೊಟೇಲಿನಿಂದ ಬಂದವರು. ಅಲ್ಲಿ ಕಾಫಿಯ ಹಂಡೆ, ದೀಪ, ಪಾತ್ರೆ ಎಲ್ಲ ಅವರ ಕೈಯಲ್ಲಿ ಕನ್ನಡಿಯಾಗುತ್ತಿದ್ದವು. ನಾನು ಊಟ ಮಾಡಿ ಬರುವಷ್ಟರಲ್ಲಿ ಕೊಳದ ಕಟ್ಟೆಯ ಮೇಲೆ ರೆಗ್ಯುಲೇಟರುಗಳ ತಲೆಗಳು ಸಾಲಾಗಿ ಕೂತು ಹಳದಿ ಬಣ್ಣದಲ್ಲಿ ಹೊಳೆಯುತ್ತಿದ್ದವು. ಬೆಳಿಗ್ಗೆ ನೋಡುವಾಗ ಅವು ಬೆಳ್ಳಿಯ ಬಣ್ಣದಲ್ಲಿದ್ದವು.

"ಇದೇನು ಮಾಡಿದಿರಿ ಕಾಕಾ?"

"ಹುಣಸೀಹಣ್ಣು ಹಚ್ಚಿ ಚಲೋತ್ನ್ಯಾಗ ತಿಕ್ಕೀನ್ರಿ ಅಣ್ಣಾವ್ರ. ಒಳಗ ಬಂಗಾರದಂಥಾ ಹಿತ್ತಾಳಿ ಐತ್ರಿ. ಮ್ಯಾಲೆ ಯಾವನೋ ಬಿಳೀ ಬಣ್ಣ ಬಳದಿದ್ದ. ಕಿತ್ತು ಹೊಂಟಿತ್ತು, ನಾ ಪೂರಾ ತಗದೆ."

ಆ ಬಿಳಿ ಬಣ್ಣವೇ ಹಿತ್ತಾಳೆಯನ್ನು ಉಪ್ಪಿನಿಂದ ಕಾಯುವ ಲೇಪ. ಅಷ್ಟು ಸಾಲದೆಂಬಂತೆ ಅವರು ತಲೆಯ ಮುಚ್ಚಳವನ್ನೂ ಹಾಕದೆ ಒಳಗೆ ನೀರು ತುಂಬಿಸಿ ಗಲಗಲ ಮಾಡಿ ಚೆಲ್ಲಿದ್ದರು, ಹಾಲಿನ ಕ್ಯಾನು ತೊಳೆಯುವ ಹಾಗೆ. ಒಂದು ವಾರದಲ್ಲಿ ಒಳಗೆಲ್ಲ ಹಸಿರು ಕಿಲುಬು. ಮಾಸ್ತರರು ನೋಡಿ ಇಂಗ್ಲಿಷು, ಹಿಂದಿ, ಕೊಂಕಣಿ ಮೂರರಲ್ಲೂ ಬೈದರು. ಬೈದು ಮುಗಿದ ಮೇಲೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಕಿಲುಬು ಹೋಗ್ಬೇಕಾದ್ರ ಇನ್ನೊಂದೀಟು ಹುಣಸೀಹಣ್ಣು ತರ್ಲೇನ್ರಿ?"

೨. ಧಣಿಗಳ ಷರತ್ತು

ಹಳೆಯ ಸೆಟ್ಟು ಗುಜರಿಗೆ ಹೋಯಿತು. ಧಣಿಗಳು ಹೊರದೇಶದಿಂದ ಹೊಸ ಸೆಟ್ಟು ತರಿಸಿದರು. ಪೆಟ್ಟಿಗೆ ಒಡೆದು ಒಂದೊಂದನ್ನೂ ಮೂಸಿ, ಮುಟ್ಟಿ, ಬೆಳಕಿಗೆ ಹಿಡಿದು ನೋಡಿದ ಮೇಲೆ ನನ್ನ ಕಡೆ ತಿರುಗಿದರು.

"ಇಲ್ಲಿ ಕೇಳಿ ಮಾರಾಯ್ರೆ. ಈ ಸೀಸನ್ ಮುಗಿದು, ಮಳೆಗಾಲ ಕಳೆದು ನಾನು ಬಂದು ನೋಡುವಾಗ ಇದು ಈಗ ಉಂಟಲ್ಲ, ಹೀಗೇ ಇರಬೇಕು. ಒಂದು ಗೀರು ಕಂಡರೆ ಶಾಲೆ ಬಂದ್. ನೀವು ವಾಪಸ್ ಗಲ್ಲೆಗೆ."

ನನಗೆ ಗಲ್ಲೆಯ ಹೆಸರು ಕೇಳಿದರೇ ಸೊಂಟ ನೋಯುತ್ತದೆ. ಚಿಲ್ಲರೆಗಾಗಿ ಜಗಳ, ಮೇಲಿಂದ ಗರಗರ ಫ್ಯಾನು, ಎದುರಿಗೆ ದೋಸೆಯ ಹೊಗೆ. ಇಲ್ಲಿ ಕೊಳದ ನೀಲಿ ನೀರು, ತಂಪು ಗಾಳಿ, ಮಧ್ಯಾಹ್ನ ಯಾರೂ ಇಲ್ಲದಾಗ ಒಂದು ಕಣ್ಣು ನಿದ್ದೆ. ಈ ಸುಖ ಬಿಟ್ಟು ಹೋಗಲು ನಾನು ತಯಾರಿರಲಿಲ್ಲ. ಮಾಸ್ತರರ ಹತ್ತಿರ ಕೂತು ಎಲ್ಲ ಕಲಿತೆ. ಮೊದಲು ಮುಚ್ಚಳ ಒರೆಸಿ ಒಣಗಿಸಿ ತಲೆಗೆ ಬಿಗಿಯಬೇಕು, ಆಮೇಲೆ ಸಿಹಿನೀರಿನಲ್ಲಿ ನೆನೆಸಬೇಕು. ನೆನೆಯುವಾಗ ಬಾಯಿಯ ಗುಂಡಿ ಒತ್ತಬಾರದು, ಒತ್ತಿದರೆ ನೀರು ಪೈಪು ಹತ್ತಿ ತಲೆಗೇರುತ್ತದೆ. ಪೈಪು ಮಡಚಬಾರದು, ಪೈಪು ಹಿಡಿದು ಎತ್ತಬಾರದು, ಬಿಸಿಲಿಗೆ ಹಾಕಬಾರದು.

ಕಲಿತದ್ದು ಸುಮ್ಮನೆ ಕೂರುತ್ತದೆಯೇ? ಮನೆಯಲ್ಲಿ ಹೆಂಡತಿ ಕುಕ್ಕರ್ ತೊಳೆಯುವಾಗ "ಮುಚ್ಚಳ ಒರೆಸಿದೆಯಾ?" ಎಂದೆ. ಗ್ಯಾಸಿನ ಪೈಪಿನ ಬಳುಕು ಸರಿ ಮಾಡಿದೆ. ಮಿಕ್ಸಿಯನ್ನು ವಯರು ಹಿಡಿದು ಎಳೆದಳೆಂದು ಉಪದೇಶ ಕೊಟ್ಟೆ. ಅವಳು ಎಲ್ಲ ಕೇಳಿಸಿಕೊಂಡು ಶಾಂತವಾಗಿ ಹೇಳಿದಳು: "ನನ್ನ ಕೈಯನ್ನು ಸಹ ಸ್ವಲ್ಪ ಸಿಹಿನೀರಲ್ಲಿ ನೆನೆಸಿ ಒಣಗಿಸಿ ಇಡಿ. ಮದುವೆಯಾದಾಗಿನಿಂದ ಸರ್ವಿಸ್ ಆಗಲಿಲ್ಲ."

೩. ಖಂಡೇಪೂಜೆ

ದಸರಾ ಬಂತು. ಕಾಕಾ ತಮ್ಮ ಕಡೆಯ ಪದ್ಧತಿಯಂತೆ ಖಂಡೇಪೂಜೆ ಆಗಲೇಬೇಕೆಂದು ಹಟ ಹಿಡಿದರು. ಬದುಕಿಗೆ ಆಧಾರವಾದ ಸಾಮಾನಿಗೆ ವರ್ಷಕ್ಕೊಮ್ಮೆ ಕುಂಕುಮ ಇಡುವುದಕ್ಕೆ ಯಾರು ಬೇಡ ಎಂದಾರು? "ನೀರು, ಎಣ್ಣೆ, ಹುಣಸೆಹಣ್ಣು ಯಾವುದೂ ತಾಗಬಾರದು" ಎಂದು ಮೂರು ಮೂರು ಸಲ ಹೇಳಿ ನಾನು ಹಬ್ಬಕ್ಕೆ ಮನೆಗೆ ಹೋದೆ. ಕುಂಕುಮದ ಮಾತು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಹಬ್ಬ ಕಳೆದ ಮರುದಿನ ಒಬ್ಬ ವಕೀಲ ಮೇಡಂ ಕಲಿಯಲು ಬಂದರು. ಮಾಸ್ತರರು ಅವರನ್ನು ನೀರಿಗಿಳಿಸಿದರು. ಎರಡು ಗುಳ್ಳೆ ಬಿಟ್ಟು ಮೇಡಂ ಮೇಲೆ ಬಂದರು. ತುಟಿ ಕೆಂಪು, ಹಲ್ಲು ಕೆಂಪು, ಗಲ್ಲದ ಮೇಲಿಂದ ಕೆಂಪು ನೀರು ಇಳಿಯುತ್ತಿದೆ. ಮಾಸ್ತರರ ಮುಖ ಬಿಳಿಚಿಕೊಂಡಿತು. "ನೋವಾಗ್ತಿದೆಯಾ? ಎಲ್ಲಿ ನೋವು?" ಎಂದು ಅವರನ್ನು ಎತ್ತಿ ಕಟ್ಟೆಯ ಮೇಲೆ ಮಲಗಿಸಿದರು. ಮೇಡಂ ತಮ್ಮ ಬೆರಳಿನ ಕೆಂಪನ್ನು ನೋಡಿ ಇನ್ನು ತಾವು ಬದುಕುವುದಿಲ್ಲ ಎಂದು ಗಂಡನಿಗೆ ಫೋನು ಮಾಡಲು ಹೇಳಿದರು. ನನ್ನ ಕಣ್ಣೆದುರಿಗೆ ಗಲ್ಲೆ ಕುಣಿಯತೊಡಗಿತು.

ಕಾಕಾ ಮಾತ್ರ ಬಾಗಿ ನೋಡಿ, ನೆಮ್ಮದಿಯಾಗಿ ಎದ್ದು ನಿಂತರು. "ಅದು ಕುಂಕುಮ ಐತ್ರಿ."

ರೆಗ್ಯುಲೇಟರಿನ ಬಾಯಿಯ ರಬ್ಬರಿನೊಳಗೆ ಬೆರಳು ಹಾಕಿ ದಪ್ಪವಾಗಿ ಮೆತ್ತಿದ್ದರು. ಹೊರಗೆ ಹಚ್ಚಿದ್ದರೆ ನನಗೆ ಕಾಣುತ್ತಿತ್ತು.

"ಬಾಯಿಗೆ ಯಾಕೆ ಹಚ್ಚಿದಿರಿ ಕಾಕಾ?"

"ಉಸಿರು ಅಲ್ಲಿಂದನ ಬರತೈತಲ್ರಿ ಅಣ್ಣಾವ್ರ. ಅದನ್ನ ಬಿಟ್ಟು ಪೈಪಿಗೆ ಪೂಜಿ ಮಾಡ್ಲೇನು?"

ಮಾಸ್ತರರು ಮೂರೂ ಭಾಷೆಗಳನ್ನು ಬದಿಗಿಟ್ಟು ತೋಳು ಮಡಚಿಕೊಂಡು ಕೂತರು. ಎಲ್ಲ ಬಾಯಿಗಳನ್ನೂ ಬಿಚ್ಚಿ ತೊಳೆದದ್ದಾಯಿತು. ಪುಣ್ಯಕ್ಕೆ ಒಳಗಿನ ಭಾಗಕ್ಕೆ ಏನೂ ಆಗಿರಲಿಲ್ಲ. ಮೇಡಂ ಇನ್ನು ಬರುವುದಿಲ್ಲ, ನೋಟಿಸು ಬರುತ್ತದೆ ಎಂದುಕೊಂಡಿದ್ದೆವು. ಮುಂದಿನ ಭಾನುವಾರ ಅವರೇ ಬಂದರು. ರೆಗ್ಯುಲೇಟರನ್ನು ಕೈಗೆ ತೆಗೆದುಕೊಂಡು, ಹಣೆಗೆ ಒತ್ತಿಕೊಂಡು, ಆಮೇಲೆ ಬಾಯಿಗಿಟ್ಟರು.

೪. ಲೋಕಲಿನಲ್ಲಿ ಉಬ್ಬಸ

ವರ್ಷಕ್ಕೊಮ್ಮೆ ರೆಗ್ಯುಲೇಟರುಗಳನ್ನು ಪೂರ್ತಿ ಬಿಚ್ಚಿ ಸರಿ ಮಾಡಿಸಬೇಕು. ಆ ಕೆಲಸ ಗೊತ್ತಿರುವವರ ಗಾಳಾ, ಅಂದರೆ ಸಣ್ಣ ವರ್ಕ್‌ಶಾಪು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ, ನಮ್ಮ ಮನೆಯಿಂದ ಹತ್ತಿರ. ಒಂದು ಸಲಕ್ಕೆ ಒಂದೆರಡು ಮಾತ್ರ, ಸಂಜೆ ಮನೆಗೆ ಹೋಗುವಾಗ ನಾನೇ ಒಯ್ಯುತ್ತೇನೆ. ಸಂಜೆಯ ಲೋಕಲಿನಲ್ಲಿ ಮನುಷ್ಯರ ಪಕ್ಕೆಲುಬೇ ಉಳಿಯುವುದು ಕಷ್ಟ, ರೆಗ್ಯುಲೇಟರಿನ ಮಾತು ಎಲ್ಲಿ. ಮೇಲಿನ ರ‍್ಯಾಕಿನಲ್ಲಿಟ್ಟರೆ ಯಾರಾದರೂ ಅದರ ಮೇಲೆ ಸೂಟ್‌ಕೇಸು ಒಗೆಯುತ್ತಾರೆ.

ಅದಕ್ಕೆ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹತ್ತಿದೆ. ನೂಕುನುಗ್ಗಲಿನಲ್ಲಿ ಝಿಪ್ಪು ಬಿಚ್ಚಿ ಪೈಪು ಮತ್ತು ಬಾಯಿ ಹೊರಗೆ ಬಂದು ನನ್ನ ಗದ್ದಕ್ಕೆ ತಾಗಿ ನಿಂತಿತು. ಕಿಟಕಿಯ ಪಕ್ಕದಲ್ಲಿದ್ದ ಒಬ್ಬ ಹುಡುಗ ಅದನ್ನು ನೋಡಿ ಥಟ್ಟನೆ ಎದ್ದ.

"ಅಂಕಲ್, ಬೈಠೋ, ಬೈಠೋ. ಪೇಶಂಟ್ ಹೈ, ಜಗಾ ದೋ."

ಪೇಶಂಟ್ ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಜನ ದಾರಿ ಬಿಟ್ಟುಕೊಟ್ಟರು. ಕಿಟಕಿಯ ಸೀಟು. ಮುಂಬಯಿಗೆ ಬಂದ ಮೇಲೆ ಸಂಜೆಯ ಲೋಕಲಿನಲ್ಲಿ ನನಗೆ ಸಿಕ್ಕಿದ ಮೊದಲನೆಯ ಕಿಟಕಿ. ತೆರೆದ ಬಾಯಿಯನ್ನು ಮುಚ್ಚಿ ಕೂತುಬಿಟ್ಟೆ.

ಪಕ್ಕದ ಹಿರಿಯರು ವಿಚಾರಿಸತೊಡಗಿದರು. ಉಬ್ಬಸ ಎಷ್ಟು ಸಮಯದಿಂದ? ಅಜವಾನ ಕಷಾಯ ಮಾಡಿ ನೋಡಿದಿರಾ? ಆಡಿನ ಹಾಲು? ಎದುರಿನವರು ಬೇಡ ಬೇಡ, ಆಡುಸೋಗೆ ಎಲೆ ಎಂದರು. ಇಬ್ಬರಿಗೂ ಜಗಳ ಹತ್ತಿತು. ತೀರ್ಪು ಕೊಡಲು ನನ್ನ ಕಡೆ ನೋಡಿದರು. ಸುಮ್ಮನೆ ಕೂತರೆ ಅನುಮಾನ ಬರುತ್ತದೆಂದು ನಾನು ಸ್ವಲ್ಪ ಕೆಮ್ಮಿದೆ. ಕೂಡಲೇ ಇಬ್ಬರೂ ಜಗಳ ಬಿಟ್ಟು ನನ್ನ ಬೆನ್ನು ನೀವತೊಡಗಿದರು. ಕಾಂದಿವಲಿಯಲ್ಲಿ ಇಳಿಯುವಾಗ ಇಬ್ಬರು ಕೈ ಹಿಡಿದು ಇಳಿಸಿದರು. ರೆಗ್ಯುಲೇಟರಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

ಆ ವರ್ಷ ಮಾಸ್ತರರು "ಇದಕ್ಕೆ ಸರ್ವಿಸ್ ಬೇಡ, ಚೆನ್ನಾಗಿದೆ" ಎಂದದ್ದನ್ನು ಸಹ ನಾನು ಒಂದು ಸಲ ಒಯ್ದು ತೋರಿಸಿಕೊಂಡು ಬಂದೆ.

೫. ನಾಗಲೋಕ

ಧಣಿಗಳ ಹೊಟೇಲಿಗೆ ದಿನಾ ಊಟಕ್ಕೆ ಬರುವ ಒಬ್ಬರು ಪೌರಾಣಿಕ ಸೀರಿಯಲ್ ತೆಗೆಯುತ್ತಿದ್ದರು. ನೀರಿನಡಿಯ ನಾಗಲೋಕದ ದೃಶ್ಯವಿತ್ತು. ಶಾಟಿನ ನಡುವೆ ನೀರಿನಲ್ಲೇ ಉಸಿರಾಡಲು ನಟರಿಗೆ ರೆಗ್ಯುಲೇಟರ್ ಬೇಕಾಯಿತು. ಧಣಿಗಳಿಗೆ ಇಲ್ಲ ಎನ್ನಲಾಗಲಿಲ್ಲ. ಕಾವಲಿಗೆ ನನ್ನನ್ನೂ ಜೊತೆಗೆ ಕಳಿಸಿದರು.

ಸ್ಟುಡಿಯೋದ ದೊಡ್ಡ ತೊಟ್ಟಿಯ ಹತ್ತಿರ ಸಾಮಾನು ಇಳಿಸಿ ಚಹಾ ಕುಡಿದು ಬರುತ್ತೇನೆ, ಒಬ್ಬಾತ ನಮ್ಮ ರೆಗ್ಯುಲೇಟರುಗಳನ್ನು ಪೇಪರಿನ ಮೇಲೆ ಸಾಲಾಗಿ ಮಲಗಿಸಿ, ಬಂಗಾರದ ಬಣ್ಣದ ಸ್ಪ್ರೇ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಿದ್ದಾನೆ. ಓಡಿ ಹೋಗಿ ನಡುವೆ ಬಿದ್ದೆ. ಮೊದಲನೆಯ ಸ್ಪ್ರೇ ನನ್ನ ಅಂಗಿಯ ಮೇಲೆ ಬಿತ್ತು. ಆ ಅಂಗಿ ಈಗಲೂ ಇದೆ, ಒಂದು ತೋಳು ಮಾತ್ರ ರಾಜಮನೆತನದ್ದು.

"ಅಂಕಲ್, ನಾಗಲೋಕದಲ್ಲಿ ಕಪ್ಪು ಪೈಪು ಹೇಗೆ ಇರುತ್ತದೆ? ಒಂದು ಕೋಟ್ ಹೊಡೆದರೆ ಆಭರಣದ ಹಾಗೆ ಕಾಣುತ್ತದೆ," ಎಂದ ಅವನು.

ನನಗೆ ಸಿಟ್ಟು ನೆತ್ತಿಗೇರಿತ್ತು. "ನಾಗಲೋಕದವರು ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬೆಳೆದವರಲ್ಲವೇ? ಅವರಿಗೆ ರೆಗ್ಯುಲೇಟರ್ ಯಾಕೆ?"

ಅವನು ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದ. ದೂರದಲ್ಲಿ ಐದು ಹೆಡೆಯ ಕಿರೀಟ ಇಟ್ಟುಕೊಂಡು ಸೊಂಟಕ್ಕೆ ಗಾಳಿಯ ಟ್ಯೂಬು ಹಾಕಿಕೊಂಡು ನೀರಿನ ಅಂಚಿನಲ್ಲಿ ನಡುಗುತ್ತ ಕೂತಿದ್ದ ಒಬ್ಬ ಧಡೂತಿ ಮನುಷ್ಯನನ್ನು ತೋರಿಸಿದ.

"ಮೆಲ್ಲಗೆ ಮಾತಾಡಿ ಅಂಕಲ್. ನಾಗರಾಜನಿಗೆ ಈಜು ಬರುವುದಿಲ್ಲ."

೬. ಕಪಾಟು

ಮಳೆಗಾಲದಲ್ಲಿ ಸಮುದ್ರ ಬಂದ್, ಶಾಲೆಯೂ ಬಂದ್. ನಮ್ಮ ಸ್ಟೋರು ಕೊಳದ ಮೆಟ್ಟಿಲಿನ ಕೆಳಗಿದೆ. ಜೂನಿನಲ್ಲಿ ಗೋಡೆ ಬೆವರುತ್ತದೆ, ಜುಲೈಯಲ್ಲಿ ಗೋಡೆಯ ಮೇಲೆ ಹುಲ್ಲು ಬರುತ್ತದೆ. ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ ಸೆಟ್ಟನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ಟ್ಯಾಕ್ಸಿ ಮಾಡಿ ಎಲ್ಲವನ್ನೂ ಮನೆಗೆ ತಂದೆ.

"ಒಣ ಜಾಗ ಬೇಕು, ಬಿಸಿಲು ಬೀಳಬಾರದು, ಪೈಪು ಮಡಚಬಾರದು," ಎಂದೆ ಹೆಂಡತಿಗೆ.

ನಮ್ಮ ಒಂದು ಕೋಣೆಯ ಮನೆಯಲ್ಲಿ ಅಂಥ ಜಾಗ ಒಂದೇ, ಅವಳ ರೇಷ್ಮೆ ಸೀರೆಗಳ ಕಪಾಟು. ಅವಳು ಧಾರೆ ಸೀರೆಯನ್ನು ಬದಿಗೆ ಸರಿಸಿ, ಹಳೆಯ ನೈಟಿ ಹರಿದು ಒಂದೊಂದಕ್ಕೂ ಚೀಲ ಹೊಲಿದು, ಸಾಲಾಗಿ ತೂಗುಹಾಕಿದಳು. ಕಪಾಟಿನ ಬೀಗದ ಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಳೆಗಾಲ ಪೂರ್ತಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮಳೆ ಕಳೆದು ಧಣಿಗಳು ಪರೀಕ್ಷೆಗೆ ಬರುವ ದಿನ ಚೀಲಗಳನ್ನು ಹಾಗೇ ಕೊಳಕ್ಕೆ ಒಯ್ದೆ. ಅಲ್ಲಿ ಕ್ಲೋರಿನ್ನಿನ ವಾಸನೆಯಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಗೊತ್ತಾಗುವುದಿಲ್ಲ. ಮಾಸ್ತರರು ಒಂದಕ್ಕೆ ಸಿಲಿಂಡರ್ ಜೋಡಿಸಿ ಮೀಟರು ನೋಡಿ, ಒತ್ತಡ ಸರಿಯಾಗಿ ನಿಂತಿದೆ ಎಂದು ತಲೆಯಾಡಿಸಿದರು. ಧಣಿಗಳು ಹೊಟೇಲಿನಲ್ಲಿ ತಟ್ಟೆ ಪರೀಕ್ಷಿಸುವ ಹಾಗೆ ಬೆರಳಿನಿಂದ ಉಜ್ಜಿ ನೋಡಿದರು. ಗೀರಿಲ್ಲ, ಕಿಲುಬಿಲ್ಲ, ಪೈಪಿನಲ್ಲಿ ಸುಕ್ಕಿಲ್ಲ. ನಾನು ಮನಸ್ಸಿನಲ್ಲೇ ಗಲ್ಲೆಗೆ ಕೊನೆಯ ನಮಸ್ಕಾರ ಹಾಕಿದೆ.

"ಹೊರಗಿಂದ ಚಂದ ಉಂಟು. ಒಳಗೆ ಎಂತ ಉಂಟು ನೋಡುವ," ಎಂದು ಧಣಿಗಳು ಅಂಗಿ ಬಿಚ್ಚಿದರು.

ಜೀವಮಾನದಲ್ಲಿ ನೀರಿಗೆ ಇಳಿಯದವರು. ಪಂಚೆ ಎತ್ತಿ ಕಟ್ಟಿ, ಮಾಸ್ತರರ ಕೈ ಹಿಡಿದು, ಸೊಂಟ ಮುಳುಗುವಷ್ಟು ನೀರಿನಲ್ಲಿ ನಿಂತು ರೆಗ್ಯುಲೇಟರನ್ನು ಬಾಯಿಗಿಟ್ಟು ಮುಖ ಮುಳುಗಿಸಿದರು. ಒಂದು ಗುಳ್ಳೆ ಬಂತು. ಮುಖ ಮೇಲೆ ಬಂತು. ಕಣ್ಣಲ್ಲಿ ನೀರು, ಅದು ಕೊಳದ ನೀರಲ್ಲ.

"ಇದನ್ನು ಎಲ್ಲಿ ಇಟ್ಟಿದ್ದಿರಿ?"

ನಾನು ಚೀಲಗಳ ಕಡೆ ಓಡಿದೆ. ಹತ್ತಿರದ ಚೀಲವನ್ನು ತಲೆಕೆಳಗೆ ಮಾಡಿದೆ. ಬಿಳಿಯ ನುಸಿಗುಳಿಗೆಗಳು ಪಟಪಟನೆ ಕಟ್ಟೆಯ ಮೇಲೆ ಉದುರಿ ಉರುಳಿದವು. ಸೀರೆಗೆ ಹುಳ ಹಿಡಿಯದ ಹಾಗೆ ಇಡುವುದನ್ನೇ ಪುಣ್ಯಾತ್ಗಿತ್ತಿ ಒಂದೊಂದು ಚೀಲಕ್ಕೂ ಒಂದೊಂದು ಮುಷ್ಟಿ ತುಂಬಿದ್ದಳು.

ಮಾಸ್ತರರು ಕೆಂಡವಾದರು. ರಬ್ಬರೆಲ್ಲ ಆ ವಾಸನೆ ಕುಡಿದಿದೆ, ಪೈಪು ಬದಲಾಯಿಸಬೇಕು, ಎಲ್ಲವನ್ನೂ ಬಿಚ್ಚಿ ತೊಳೆಯುವ ತನಕ ಒಬ್ಬರೂ ಇದರಲ್ಲಿ ಉಸಿರಾಡಕೂಡದು ಎಂದರು. ನಾನು ನಿಜ ಹೇಳಿದೆ. ನನ್ನ ಮನೆಯ ಕಪಾಟು, ನನ್ನ ಹೆಂಡತಿಯ ಗುಳಿಗೆ, ತಪ್ಪಾಯಿತು, ನಾಳೆಯಿಂದ ಗಲ್ಲೆಗೆ ಬರುತ್ತೇನೆ ಎಂದೆ. ಸ್ಟೋರಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮುಂದೆ ಹಿಡಿದೆ.

ಧಣಿಗಳು ನಮ್ಮಿಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಗುಳಿಗೆ ಹೆಕ್ಕಿ ಮೂಗಿಗೆ ಹಿಡಿದು ನಿಂತಿದ್ದರು. ಅವರ ಮುಖ ಅರಳಿತ್ತು.

"ನನ್ನ ಮದುವೆಯ ಕೋಟನ್ನು ಸಹ ನಮ್ಮವಳು ಹೀಗೇ ಇಟ್ಟಿದ್ದಾಳೆ ಮಾರಾಯ್ರೆ. ಇವತ್ತಿಗೂ ಒಂದು ನೂಲು ಸಡಿಲ ಆಗಲಿಲ್ಲ."

"ಸರ್, ಆ ಕೋಟನ್ನು ಕೊನೆಯ ಸಲ ಹಾಕಿಕೊಂಡದ್ದು ಯಾವಾಗ?" ಎಂದು ಮಾಸ್ತರರು ಕೇಳಿದರು.

ಧಣಿಗಳು ಅವರನ್ನು ಕನಿಕರದಿಂದ ನೋಡಿದರು. "ಎಂತ ಮಾಸ್ಟ್ರೇ ನೀವು, ಹಾಕಿಕೊಂಡರೆ ಹಾಳಾಗುವುದಿಲ್ಲವಾ?"

ತೀರ್ಮಾನ ಅಲ್ಲೇ ಆಯಿತು. ಇಷ್ಟು ಚಂದ ಉಳಿದ ಸೆಟ್ಟನ್ನು ಇನ್ನು ನೀರಿಗೆ ಇಳಿಸುವುದು ಬೇಡ, ಇವರ ಮನೆಯ ಕಪಾಟಿನಲ್ಲೇ ಇರಲಿ, ಕಲಿಯುವವರಿಗೆ ದಿನಬಳಕೆಗೆ ಬೇರೆ ಸೆಟ್ಟು ತರಿಸುವ ಎಂದರು. ಶಾಲೆ ಉಳಿಯಿತು, ನಾನು ಉಳಿದೆ. ಮಾಸ್ತರರು ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು.

ಸಂಜೆ ಸಂಭ್ರಮದಿಂದ ಸೆಟ್ಟನ್ನು ಮನೆಗೆ ಹೊತ್ತು ತಂದು ಹೆಂಡತಿಗೆ ಎಲ್ಲ ಹೇಳಿದೆ. ನೀನು ಗುಳಿಗೆ ಹಾಕಿದ್ದರಿಂದ ನನ್ನ ಕೆಲಸ ಉಳಿಯಿತು, ಇನ್ನು ಮುಂದೆ ಇದು ಖಾಯಂ ಆಗಿ ನಮ್ಮ ಕಪಾಟಿನಲ್ಲೇ ಇರುತ್ತದೆ ಎಂದೆ. ಅವಳು ಕಪಾಟು ತೆರೆದು, ಸೀರೆಗಳನ್ನೆಲ್ಲ ಒಂದೊಂದಾಗಿ ತೆಗೆದು ಮಡಚಿ, ದೊಡ್ಡ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು.

"ನಾಳೆ ಹೋಗುವಾಗ ಇದನ್ನು ನಿಮ್ಮ ಸ್ಟೋರಿನಲ್ಲಿ ತೂಗುಹಾಕಿ. ನಿಮ್ಮ ಪೈಪುಗಳೆಲ್ಲ ಇಲ್ಲಿಗೆ ಬಂದವು, ಅಲ್ಲಿ ಜಾಗ ಈಗ ಖಾಲಿ ಉಂಟಲ್ಲ."